ವಿಚಿತ್ರ ಬಿಂದುಗಳ ಬಳಿ ಎರಡನೆಯ ದರ್ಜೆಯ ರೇಖೀಯ ಅವಕಲ ಸಮೀಕರಣಗಳು

ಒಂದು ರಾಶಿ, ಅದು ಬದಲಾಗುವ ದರ, ಆ ದರವೂ ಬದಲಾಗುವ ದರ: ಈ ಮೂರನ್ನು ಒಂದಕ್ಕೊಂದು ಗುಣಿಸದೆ, ವರ್ಗಿಸದೆ, ಬರಿಯ ಕೂಡಿಕೆಯಿಂದ ಕಟ್ಟಿದರೆ ಸಿಗುವುದು ಎರಡನೆಯ ದರ್ಜೆಯ ರೇಖೀಯ ಅವಕಲ ಸಮೀಕರಣ. ಅದರ ಸಾಮಾನ್ಯ ರೂಪ ಹೀಗಿದೆ:

ಯ″ + ಪ(ಕ್ಷ) ಯ′ + ಬ(ಕ್ಷ) ಯ = 0

ಇಲ್ಲಿ ಕ್ಷ ಎಂಬುದು ಸ್ವತಂತ್ರ ಚರ. ಯ ನಾವು ಹುಡುಕುತ್ತಿರುವ ಫಲನ. ಯ′ ಮತ್ತು ಯ″ ಅದರ ಮೊದಲ ಹಾಗೂ ಎರಡನೆಯ ನಿಷ್ಪನ್ನಗಳು. ಪ, ಬ ಎಂಬ ಸಹಗುಣಕಗಳು ಒಂದು ಬಿಂದುವಿನ ಸುತ್ತ ಘಾತ ಶ್ರೇಣಿಗಳಾಗಿ ಬಿಡಿಸಿಕೊಂಡರೆ ಅದು ಸಾಮಾನ್ಯ ಬಿಂದು. ಅವುಗಳಲ್ಲಿ ಒಂದಾದರೂ ಅಲ್ಲಿ ಅನಂತಕ್ಕೆ ಹಾರಿದರೆ, ಅಥವಾ ಬೇರೆ ರೀತಿಯಲ್ಲಿ ಕೆಟ್ಟರೆ, ಅದು ವಿಚಿತ್ರ ಬಿಂದು. ಕಾಲೇಜು ತರಗತಿಗಳಲ್ಲಿ ಇದನ್ನು ಸಿಂಗ್ಯುಲರ್ ಪಾಯಿಂಟ್ ಎಂದೇ ಕರೆಯುವುದು ರೂಢಿ.

ವಿಚಿತ್ರ ಎಂಬ ಹೆಸರು ಕೇಳಿದರೆ ಇದು ಅಪರೂಪದ, ತೊಂದರೆಯ ಜಾಗ ಎನಿಸುತ್ತದೆ. ವಾಸ್ತವ ತಿರುಗುಮುರುಗು. ಭೌತಿಕ ಸಮಸ್ಯೆಯಲ್ಲಿ ವಿಚಿತ್ರ ಬಿಂದು ಬರುವುದು ಬಹುಮಟ್ಟಿಗೆ ಮುಖ್ಯ ಘಟನೆ ನಡೆಯುವ ಕಡೆಯಲ್ಲೇ: ನೀರು ಬಂದು ಸೇರುವ ಕೊಳವೆ ಬಾವಿಯ ನಡುವೆ, ಜೋತ ಹಗ್ಗದ ಬಿಟ್ಟ ತುದಿಯಲ್ಲಿ, ಕೆರೆಯ ನೀರು ದಡಕ್ಕೆ ತಾಗುವ ಗೆರೆಯಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬದುಕು ಇಂಥ ಬಿಂದುಗಳನ್ನೇ ಆಧರಿಸಿದೆ ಎಂದರೂ ತಪ್ಪಿಲ್ಲ. ಆದ್ದರಿಂದ ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಅಲ್ಲಿಂದಲೇ ಆಯ್ದುಕೊಳ್ಳಲಾಗಿದೆ.

ಸಾಮಾನ್ಯ ಬಿಂದು ಮತ್ತು ಕಾಣದ ಅಡ್ಡಿ

ಸಾಮಾನ್ಯ ಬಿಂದುವಿನ ಬಳಿ ಕೆಲಸ ಸುಲಭ. ಯ ಎಂಬುದನ್ನು ಘಾತ ಶ್ರೇಣಿಯೆಂದು ಭಾವಿಸಿ, ಸಮೀಕರಣದಲ್ಲಿ ಇಟ್ಟು, ಒಂದೊಂದು ಘಾತದ ಸಹಗುಣಕವನ್ನೂ ಸೊನ್ನೆಗೆ ಸಮಮಾಡಿದರೆ ಸಾಕು. ಮೊದಲ ಎರಡು ಸಹಗುಣಕಗಳು ನಮ್ಮ ಇಚ್ಛೆಗೆ ಬಿಟ್ಟವು. ಉಳಿದವು ಅವುಗಳಿಂದ ಸಾಲಾಗಿ ಇಳಿದು ಬರುತ್ತವೆ. ಈ ಶ್ರೇಣಿ ಎಷ್ಟು ದೂರದವರೆಗೆ ಅಭಿಸರಿಸುತ್ತದೆ? ಕನಿಷ್ಠ ಪಕ್ಷ ಅತಿ ಹತ್ತಿರದ ವಿಚಿತ್ರ ಬಿಂದುವಿನವರೆಗೆ. ಆದರೆ ಆ ವಿಚಿತ್ರ ಬಿಂದು ನೈಜ ಸಂಖ್ಯೆಗಳ ಸಾಲಿನಲ್ಲಿಯೇ ಇರಬೇಕೆಂದಿಲ್ಲ.

(1 + ಕ್ಷ²) ಯ″ + 2ಕ್ಷ ಯ′ = 0 ಎಂಬ ಸಮೀಕರಣ ನೈಜ ರೇಖೆಯ ಮೇಲೆ ಎಲ್ಲಿಯೂ ಮುಗ್ಗರಿಸುವುದಿಲ್ಲ. ಆದರೂ ಸೊನ್ನೆಯ ಸುತ್ತ ಅದರ ಶ್ರೇಣಿ 1ರ ಆಚೆಗೆ ಹೋಗಲಾರದು. ಈ ಶ್ರೇಣಿ ನಮಗೆ ಹೊಸದಲ್ಲ. 14ನೆಯ ಶತಮಾನದ ಸಂಗಮಗ್ರಾಮದ ಮಾಧವನ ಹೆಸರಿನಲ್ಲಿ ಬಂದಿರುವ, ಸ್ಪರ್ಶಜ್ಯೆಯಿಂದ ಕಂಸವನ್ನು ಕೊಡುವ ಶ್ರೇಣಿಯೇ ಇದು. ಪೈ ಬೆಲೆಗಾಗಿ ಅದನ್ನು ಸರಿಯಾಗಿ 1ರಲ್ಲಿ ಬಳಸಿದರೆ ಶ್ರೇಣಿ ಬಸವನಹುಳುವಿನಂತೆ ತೆವಳುತ್ತದೆ. ಕಾರಣ, ಅಡ್ಡಿ ಕುಳಿತಿರುವುದು −1ರ ವರ್ಗಮೂಲಗಳಲ್ಲಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಹೇಳಿದ್ದ. ಇಲ್ಲವೆಂದ ಆ ಮೂಲವೇ ಶ್ರೇಣಿಯ ಗಡಿಯನ್ನು ಕಾಯುತ್ತಿದೆ. ಹೀಗಾಗಿ ಈ ಶಾಸ್ತ್ರವನ್ನು ಸಮ್ಮಿಶ್ರ ಸಂಖ್ಯೆಗಳ ಬಯಲಲ್ಲಿ ನಿಂತೇ ನೋಡಬೇಕು.

ಕೊಳವೆ ಬಾವಿಯ ಸಮೀಕರಣ

ಚಿತ್ರದುರ್ಗ ಜಿಲ್ಲೆ ಮಧ್ಯ ಕರ್ನಾಟಕದ ಒಣ ವಲಯದಲ್ಲಿದೆ. ನೆಲದಡಿ ಇರುವುದು ಹಳೆಯ ಗಟ್ಟಿ ಶಿಲೆ: ಚಿತ್ರದುರ್ಗದ ಹೆಸರನ್ನೇ ಹೊತ್ತ ಶಿಸ್ಟ್ ಪಟ್ಟಿ, ಅದರ ಎರಡೂ ಮಗ್ಗುಲಿಗೆ ನೈಸ್ ಮತ್ತು ಗ್ರಾನೈಟ್. ಮೇಲಿನ ಶಿಥಿಲ ಪದರದಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಸಿಕ್ಕಷ್ಟು ನೀರು. ಹೊಳಲ್ಕೆರೆಯ ಅಡಿಕೆ, ಹೊಸದುರ್ಗ ಮತ್ತು ಹಿರಿಯೂರಿನ ತೆಂಗು ಬಹುಪಾಲು ಬೋರಿನ ನೀರಿನ ಮೇಲೆ ನಿಂತಿವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡಿಸುವುದು, ಆರೂವರೆ ಇಂಚಿನ ಬೋರು ಕೊರೆಸುವುದು, ‘ಎರಡಿಂಚು ನೀರು ಬಿತ್ತು’ ಎಂದು ಹಿಗ್ಗುವುದು, ಎರಡು ಬೇಸಿಗೆ ಕಳೆದ ಮೇಲೆ ಅದೇ ಬೋರು ಗಾಳಿ ಉಗುಳುವುದನ್ನು ನೋಡುವುದು ಇಲ್ಲಿ ಮನೆಮನೆಯ ಕಥೆ.

ಒಂದೇ ದಪ್ಪದ, ಎಲ್ಲ ಕಡೆಗೂ ಸಮನಾಗಿ ನೀರು ಹಾಯಿಸುವ ಜಲಪದರವೊಂದಿದೆ, ಅದರ ನಡುವೆ ಒಂದು ಕೊಳವೆ ಬಾವಿಯಿದೆ ಎಂದುಕೊಳ್ಳೋಣ. ಪಂಪು ಬಹಳ ಹೊತ್ತು ಓಡಿ ನೀರಿನ ಮಟ್ಟ ಸ್ಥಿರಕ್ಕೆ ಬಂದಿದೆ. ಬಾವಿಯ ನಡುವಿನಿಂದ ದೂರ ತ, ಅಲ್ಲಿನ ನೀರಿನ ಮಟ್ಟ ಮ ಆದರೆ, ಬಾವಿಯ ಸುತ್ತ ಎಳೆದ ಯಾವ ವೃತ್ತವನ್ನು ದಾಟುವ ನೀರೂ ಒಂದೇ ಅಳತೆಯದು ಎಂಬ ಮಾತು ಈ ರೂಪ ಪಡೆಯುತ್ತದೆ:

ತ ಮ″ + ಮ′ = 0

ತದಿಂದ ಭಾಗಿಸಿ ನೋಡಿದರೆ ಮ′ ಗೆ ಅಂಟಿದ ಸಹಗುಣಕ 1/ತ. ಬಾವಿಯ ನಡುವೆ, ತ ಸೊನ್ನೆಯಾದಲ್ಲಿ, ಅದು ಅನಂತ. ಅಂದರೆ ಬಾವಿಯೇ ವಿಚಿತ್ರ ಬಿಂದು. ಪರಿಹಾರಗಳು ಎರಡು: ಒಂದು ಬರಿಯ ಸ್ಥಿರಾಂಕ, ಇನ್ನೊಂದು ಲಾಗ್ ತ. ಸ್ಥಿರಾಂಕವೆಂದರೆ ನೀರು ಮಿಸುಕಾಡದೆ ನಿಂತ ಸ್ಥಿತಿ. ನೀರು ಬಾವಿಗೆ ಹರಿದು ಬರಬೇಕಾದರೆ ಲಾಗ್ ಇರಲೇಬೇಕು. ಅದರ ಮುಂದಿನ ಸಂಖ್ಯೆಯೇ ಪಂಪಿನ ಇಳುವರಿಯನ್ನು ಹೇಳುತ್ತದೆ. ಇಂಥ ಸೂತ್ರವನ್ನು ಫ್ರಾನ್ಸಿನ ದ್ಯುಪ್ವಿ 1863ರಲ್ಲಿ ಕೊಟ್ಟ. ಜರ್ಮನಿಯ ಗುಂಟರ್ ಟೀಮ್ 1906ರಲ್ಲಿ ಅದನ್ನು ಕ್ಷೇತ್ರದಲ್ಲಿ ಅಳೆಯುವ ವಿಧಾನವಾಗಿಸಿದ.

ಈ ಲಾಗ್ ರೈತನಿಗೆ ಹೇಳುವ ಒಂದು ಸುದ್ದಿ ಇದೆ. ಆರೂವರೆ ಇಂಚಿನ ಬೋರಿನ ತ್ರಿಜ್ಯ ಸುಮಾರು 8.25 ಸೆಂಟಿಮೀಟರ್. 165 ಮೀಟರ್ ದೂರದಲ್ಲಿ ಮಟ್ಟ ಇಳಿದಿಲ್ಲವೆಂದು ಹಿಡಿದರೆ ಎರಡು ದೂರಗಳ ಅನುಪಾತ 2000, ಅದರ ಸ್ವಾಭಾವಿಕ ಲಾಗ್ 7.6. ಬಾವಿಯನ್ನು ಹತ್ತು ಪಟ್ಟು ಅಗಲಿಸಿದರೆ ಅನುಪಾತ 200, ಲಾಗ್ 5.3. ಮಟ್ಟವನ್ನು ಅಷ್ಟೇ ಇಳಿಸಿದಾಗ ಸಿಗುವ ನೀರು ಈ ಲಾಗ್‌ಗೆ ವಿಲೋಮ; ಹಾಗಾಗಿ ಹತ್ತು ಪಟ್ಟು ಅಗಲದ ಬಾವಿ ಕೊಡುವ ಹೆಚ್ಚುವರಿ ನೀರು ನೂರಕ್ಕೆ 43ರಷ್ಟು ಮಾತ್ರ. ಅಗಲಕ್ಕೆ ಸುರಿದ ದುಡ್ಡು ನೀರಾಗಿ ಬರುವುದಿಲ್ಲ. ತೆರೆದ ಬಾವಿಯ ಅಗಲ ನೀರು ಶೇಖರಿಸಿಕೊಳ್ಳಲು ಉಪಯೋಗ, ಎಳೆದುಕೊಳ್ಳಲು ಅಲ್ಲ.

ಫ್ರೊಬೆನಿಯಸ್ ವಿಧಾನ

ವಿಚಿತ್ರ ಬಿಂದು ಸೊನ್ನೆಯಲ್ಲಿದೆ ಎನ್ನೋಣ. ಕ್ಷ·ಪ ಮತ್ತು ಕ್ಷ²·ಬ ಎರಡೂ ಅಲ್ಲಿ ಘಾತ ಶ್ರೇಣಿಗಳಾಗಿ ಬಿಡಿಸಿಕೊಂಡರೆ ಅದು ಕ್ರಮಬದ್ಧ ವಿಚಿತ್ರ ಬಿಂದು. ಇಲ್ಲದಿದ್ದರೆ ಅಕ್ರಮ ವಿಚಿತ್ರ ಬಿಂದು. ಈ ಗೆರೆಯನ್ನು ಸರಿಯಾಗಿ ಎಳೆದವನು ಲಾಜರಸ್ ಫುಕ್ಸ್, 1866ರ ತನ್ನ ಲೇಖನದಲ್ಲಿ. ಪರಿಹಾರಗಳು ಒಂದು ಘಾತದ ವೇಗವನ್ನು ಮೀರಿ ಹಾರದಿರಲು ಈ ನಿಯಮ ಬೇಕೇ ಬೇಕು, ಮತ್ತು ಸಾಕು ಎಂದು ಅವನು ತೋರಿಸಿದ.

ಕ್ರಮಬದ್ಧ ಬಿಂದುವಿಗೆ ತೀರ ಹತ್ತಿರ ಹೋದರೆ ಸಮೀಕರಣ ತನ್ನ ಅಲಂಕಾರಗಳನ್ನೆಲ್ಲ ಕಳಚಿ ಆಯ್ಲರ್ ಬಗೆಗೆ ಇಳಿಯುತ್ತದೆ:

ಕ್ಷ² ಯ″ + ಪ₀ ಕ್ಷ ಯ′ + ಬ₀ ಯ = 0

ಇದಕ್ಕೆ ಅಳತೆಗೋಲಿನ ಹಂಗಿಲ್ಲ. ದೂರವನ್ನು ಮಿಲಿಮೀಟರಿನಲ್ಲಿ ಅಳೆದರೂ ಮೈಲಿಯಲ್ಲಿ ಅಳೆದರೂ ಸಮೀಕರಣ ಒಂದೇ. ಪ್ರತಿ ನಿಷ್ಪನ್ನ ಒಂದು ಘಾತ ಇಳಿಸುತ್ತದೆ. ಮುಂದಿರುವ ಕ್ಷ ಅದನ್ನು ಮತ್ತೆ ಏರಿಸುತ್ತದೆ. ಆದ್ದರಿಂದ ಕ್ಷದ ಯಾವುದೋ ಒಂದು ಘಾತವೇ ಪರಿಹಾರವಾಗಬೇಕು. ಆ ಘಾತಾಂಕವನ್ನು ಘ ಎಂದು ಕರೆದರೆ ಉಳಿಯುವುದು ಹೈಸ್ಕೂಲಿನ ವರ್ಗ ಸಮೀಕರಣ:

ಘ(ಘ − 1) + ಪ₀ ಘ + ಬ₀ = 0

ಇದು ಸೂಚಕ ಸಮೀಕರಣ. ಇದರ ಎರಡು ಮೂಲಗಳಲ್ಲಿ ವಿಚಿತ್ರ ಬಿಂದುವಿನ ಜಾತಕವೆಲ್ಲ ಅಡಗಿದೆ. ಘ ಧನವಾದರೆ ಪರಿಹಾರ ಅಲ್ಲಿ ಸೊನ್ನೆಗೆ ಇಳಿಯುತ್ತದೆ, ಋಣವಾದರೆ ಸಿಡಿಯುತ್ತದೆ, ಸಮ್ಮಿಶ್ರವಾದರೆ ಬಿಂದುವಿಗೆ ಹತ್ತಿರವಾದಂತೆಲ್ಲ ಕೊನೆಯಿಲ್ಲದೆ ತುಯ್ದಾಡುತ್ತದೆ.

ಪೂರ್ಣ ಸಮೀಕರಣಕ್ಕೆ ಮರಳಿದಾಗ, ಕ್ಷದ ಘ-ನೆಯ ಘಾತಕ್ಕೆ ಒಂದು ಘಾತ ಶ್ರೇಣಿಯನ್ನು ಗುಣಿಸಿದ ರೂಪವನ್ನು ಪರಿಹಾರವೆಂದು ಊಹಿಸುತ್ತೇವೆ. ದೊಡ್ಡ ಮೂಲದಿಂದ ಹೊರಟರೆ ಶ್ರೇಣಿ ಯಾವಾಗಲೂ ಕೈಗೆ ಸಿಗುತ್ತದೆ. ಎರಡು ಮೂಲಗಳ ವ್ಯತ್ಯಾಸ ಪೂರ್ಣಾಂಕವಲ್ಲದಿದ್ದರೆ ಎರಡನೆಯದೂ ಹಾಗೆಯೇ ಸಿಗುತ್ತದೆ. ಮೂಲಗಳು ಒಂದೇ ಆದರೆ ಎರಡನೆಯ ಪರಿಹಾರದಲ್ಲಿ ಲಾಗ್ ತಪ್ಪದು. ವ್ಯತ್ಯಾಸ ಸೊನ್ನೆಯಲ್ಲದ ಪೂರ್ಣಾಂಕವಾದರೆ ಚಿಕ್ಕ ಮೂಲದ ಶ್ರೇಣಿ ಮೇಲೇರುತ್ತಾ ದೊಡ್ಡ ಮೂಲದ ಜಾಗಕ್ಕೆ ಬಂದು ಡಿಕ್ಕಿ ಹೊಡೆಯುತ್ತದೆ, ಸೊನ್ನೆಯಿಂದ ಭಾಗಿಸಬೇಕಾದ ಪ್ರಸಂಗ ಬರುತ್ತದೆ; ಆಗ ಸಾಮಾನ್ಯವಾಗಿ ಲಾಗ್ ಬೇಕಾಗುತ್ತದೆ, ಕೆಲವೊಮ್ಮೆ ಅದೃಷ್ಟವಶಾತ್ ಮೇಲಿನ ಸಂಖ್ಯೆಯೂ ಸೊನ್ನೆಯಾಗಿ ಪಾರಾಗುತ್ತೇವೆ. ಮುಂದೆ ಹಗ್ಗ, ಮೃದಂಗಗಳ ಜೊತೆ ಬರುವ ಬೆಸೆಲ್ ಸಮೀಕರಣ 1/2 ಕ್ರಮದಲ್ಲಿ ಹೀಗೆ ಪಾರಾದದ್ದು: ಮೂಲಗಳು 1/2 ಮತ್ತು −1/2, ವ್ಯತ್ಯಾಸ 1, ಆದರೂ ಲಾಗ್ ಇಲ್ಲ.

ಲಾಗ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ತರುಣ ಗೇಯಾರ್ಗ್ ಫ್ರೊಬೆನಿಯಸ್ 1873ರಲ್ಲಿ ಕೊಟ್ಟ ಉತ್ತರ ಈ ಇಡೀ ವಿಷಯದಲ್ಲಿ ಅತಿ ಸುಂದರವಾದದ್ದು. ಘ ಎಂಬುದನ್ನು ಮೊದಲೇ ನಿಗದಿಮಾಡಬೇಡಿ, ಅದನ್ನೂ ಚರವೆಂದೇ ಉಳಿಸಿಕೊಂಡು ಶ್ರೇಣಿಯನ್ನು ಕಟ್ಟಿ ಎಂದ ಅವನು. ಮೂಲಗಳು ಕೂಡಿಕೊಂಡಾಗ ಶ್ರೇಣಿ ಮಾತ್ರವಲ್ಲ, ಘಕ್ಕೆ ಅನುಸಾರವಾಗಿ ಅದರ ನಿಷ್ಪನ್ನವೂ ಸಮೀಕರಣವನ್ನು ತೃಪ್ತಿಪಡಿಸುತ್ತದೆ. ಕ್ಷದ ಘ-ನೆಯ ಘಾತವನ್ನು ಘದ ಮೇಲೆ ಅವಕಲಿಸಿದರೆ ಬರುವುದು ಅದೇ ಘಾತ ಗುಣಿಸು ಲಾಗ್ ಕ್ಷ. ಮುಗಿಯಿತು, ಲಾಗ್ ಹೊರಗಿನಿಂದ ತಂದಿಟ್ಟ ವಸ್ತುವಲ್ಲ, ಎರಡು ಮೂಲಗಳು ಒಂದಾದುದರ ಗುರುತು. ಕೊಳವೆ ಬಾವಿಯ ಸೂಚಕ ಸಮೀಕರಣ ಘ² = 0. ಬೋರಿನ ಸುತ್ತ ನೀರು ಲಾಗ್ ಆಕಾರದಲ್ಲಿ ಕುಸಿಯುವುದು ಆ ಜೋಡಿ ಸೊನ್ನೆಯಿಂದ.

ಇದನ್ನೇ ಬೆರ್ನ್‌ಹಾರ್ಟ್ ರೀಮನ್ ಇನ್ನೊಂದು ಕಣ್ಣಿನಿಂದ ನೋಡಿದ್ದ. ಸಮ್ಮಿಶ್ರ ಬಯಲಿನಲ್ಲಿ ವಿಚಿತ್ರ ಬಿಂದುವಿಗೆ ಒಂದು ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬನ್ನಿ. ನಿಂತ ಜಾಗ ಅದೇ; ಪರಿಹಾರ ಮಾತ್ರ ಹೊರಟಾಗಿನದಲ್ಲ, ಎರಡು ಪರಿಹಾರಗಳ ಹೊಸ ಬೆರಕೆ. ಲಾಗ್ ಇದ್ದರೆ ಪ್ರತಿ ಸುತ್ತಿಗೂ ಒಂದಿಷ್ಟು ಸೇರುತ್ತಲೇ ಹೋಗುತ್ತದೆ. ಸಮೀಕರಣವನ್ನು ಬದಿಗಿಟ್ಟು ಈ ಪ್ರದಕ್ಷಿಣೆಗಳ ಲೆಕ್ಕದಿಂದಲೇ ಫಲನವನ್ನು ಗುರುತಿಸಬಹುದೆಂದು 1857ರಲ್ಲಿ ಗಾಸ್‌ನ ಅತಿಗುಣೋತ್ತರ ಶ್ರೇಣಿಯ ಬಗ್ಗೆ ಬರೆಯುತ್ತಾ ರೀಮನ್ ತೋರಿಸಿದ. ಆ ಶ್ರೇಣಿಯ ಸಮೀಕರಣಕ್ಕೆ 0, 1 ಮತ್ತು ಅನಂತ ಎಂಬ ಮೂರು ಕ್ರಮಬದ್ಧ ವಿಚಿತ್ರ ಬಿಂದುಗಳು. ಎರಡನ್ನು ಒಂದಕ್ಕೊಂದು ತಳ್ಳಿ ಕೂಡಿಸಿದರೆ ಅಕ್ರಮ ಬಿಂದು ಹುಟ್ಟುತ್ತದೆ. ಗಣಿತಜ್ಞರು ಇದಕ್ಕೆ ಇಟ್ಟ ಹೆಸರು ಸಂಗಮ. ಕಡೂರಿನ ಬಳಿ ವೇದಾ ಮತ್ತು ಅವತಿ ಕೂಡಿ ವೇದಾವತಿಯಾದಂತೆ, ಕೂಡಿದ ಮೇಲೆ ಹೊಳೆಯ ಸ್ವಭಾವವೇ ಬೇರೆ.

ಹಗ್ಗ, ದಡ, ಮೃದಂಗ

ಬಾವಿಯ ರಾಟೆಯಿಂದ ಹಗ್ಗವೊಂದು ಜೋತಿದೆ, ತುದಿಯಲ್ಲಿ ಏನೂ ಕಟ್ಟಿಲ್ಲ. ಅದನ್ನು ಮೆಲ್ಲಗೆ ಅಲುಗಿಸಿದರೆ ಯಾವ ಆಕಾರದಲ್ಲಿ ತೂಗುತ್ತದೆ? 1730ರ ದಶಕದಲ್ಲಿ ಡೇನಿಯಲ್ ಬರ್ನೂಲಿ ಸರಪಳಿಯ ಬಗ್ಗೆ ಕೇಳಿಕೊಂಡ ಪ್ರಶ್ನೆಯಿದು. ಮುಂದೆ ಬೆಸೆಲ್ ಹೆಸರು ಹೊತ್ತ ಫಲನ ಮೊದಲು ಕಾಣಿಸಿಕೊಂಡದ್ದು ಇಲ್ಲಿ. ಗ್ರಹಗಳ ಚಲನೆಯ ಸಂದರ್ಭದಲ್ಲಿ ಬೆಸೆಲ್ ಅದನ್ನು ಕ್ರಮವಾಗಿ ಅಭ್ಯಸಿಸಿದ್ದು 1824ರಲ್ಲಿ.

ಹಗ್ಗದ ಎಳೆತ ಕೆಳತುದಿಯಲ್ಲಿ ಸೊನ್ನೆ, ಮೇಲೇರಿದಂತೆ ಹೆಚ್ಚು. ಕೆಳತುದಿಯಿಂದ ಎತ್ತರವನ್ನು ಕ್ಷ ಎಂದು ಅಳೆದರೆ ಸಮೀಕರಣ ಕ್ಷ ಯ″ + ಯ′ + ಕ ಯ = 0; ಇಲ್ಲಿ ಕ ಎಂದರೆ ತೂಗಾಟದ ಕೋನೀಯ ಆವೃತ್ತಿಯ ವರ್ಗವನ್ನು ಗುರುತ್ವದಿಂದ ಭಾಗಿಸಿದ್ದು. ಮತ್ತೆ ಸೂಚಕ ಸಮೀಕರಣ ಘ² = 0. ಆದರೆ ಈ ಸಲ ಲಾಗ್ ಪರಿಹಾರವನ್ನು ಎತ್ತಿ ಎಸೆಯಬೇಕು, ಏಕೆಂದರೆ ಅದು ಹಗ್ಗದ ತುದಿಯನ್ನು ಅನಂತ ದೂರಕ್ಕೆ ಒಯ್ಯುತ್ತದೆ. ಉಳಿದ ಶ್ರೇಣಿಯಲ್ಲಿ ಪ್ರತಿ ಪದವೂ ಹಿಂದಿನ ಪದವನ್ನು ಕ·ಕ್ಷದಿಂದ ಗುಣಿಸಿ, ಕ್ರಮಸಂಖ್ಯೆಯ ವರ್ಗದಿಂದ ಭಾಗಿಸಿ, ಚಿಹ್ನೆ ಬದಲಿಸಿದ್ದು. ಕ·ಕ್ಷವನ್ನು ಸ ಎಂದು ಬರೆದರೆ

1 − ಸ + ಸ²/4 − ಸ³/36 + ಸ⁴/576 − …

ಹಗ್ಗ ಕಟ್ಟಿದ ಮೇಲ್ತುದಿಯಲ್ಲಿ ಇದು ಸೊನ್ನೆಯಾಗಬೇಕು. ಆರು ಪದ ಕೂಡಿಸಿದರೆ ಸಾಕು, ಮೊದಲ ಸೊನ್ನೆ ಸ = 1.446ರ ಬಳಿ ಸಿಗುತ್ತದೆ. 10 ಮೀಟರ್ ಹಗ್ಗಕ್ಕೆ ಇದು ಕೊಡುವ ತೂಗುಕಾಲ 5.3 ಸೆಕೆಂಡು, ಅಷ್ಟೇ ಉದ್ದದ, ತುದಿಯಲ್ಲಿ ಗುಂಡು ಕಟ್ಟಿದ ಲೋಲಕಕ್ಕೆ 6.3 ಸೆಕೆಂಡು ಮೇಲಾಗುತ್ತದೆ. ಗಡಿಯಾರ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು.

ಈಗ ತುದಿಗೆ ಕೊಡ ಕಟ್ಟಿ. ಕೊಡದ ಭಾರದಿಂದಾಗಿ ಹಗ್ಗದ ಎಳೆತ ಎಲ್ಲಿಯೂ ಸೊನ್ನೆಯಾಗುವುದಿಲ್ಲ. ಕೊಡದ ತೂಕಕ್ಕೆ ಸಮನಾದ ಹಗ್ಗ ಇನ್ನೂ ಕೆಳಗಿದ್ದಿದ್ದರೆ ಅದರ ತುದಿ ಎಲ್ಲಿ ಇರುತ್ತಿತ್ತೋ ಅಲ್ಲಿಗೆ, ಬರಿಯ ಗಾಳಿಯೊಳಕ್ಕೆ, ವಿಚಿತ್ರ ಬಿಂದು ಜಾರಿಬಿಡುತ್ತದೆ. ಆ ಬಿಂದು ಹಗ್ಗದ ಮೇಲಿಲ್ಲವಾದ್ದರಿಂದ ಲಾಗ್ ಪರಿಹಾರಕ್ಕೆ ಹೆದರಬೇಕಾಗಿಲ್ಲ. ಎರಡೂ ಪರಿಹಾರಗಳು ಬೇಕು. ಪಠ್ಯಪುಸ್ತಕಗಳು ಲಾಗ್ ಪರಿಹಾರವನ್ನು ‘ಭೌತಿಕವಲ್ಲ’ ಎಂದು ಒಂದೇ ವಾಕ್ಯದಲ್ಲಿ ತಳ್ಳಿಹಾಕುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ವಿಚಿತ್ರ ಬಿಂದು ವಸ್ತುವಿನ ಒಳಗಿದೆಯೇ, ಹೊರಗಿದೆಯೇ? ಕೊಳವೆ ಬಾವಿಯಲ್ಲಿ ನೀರು ಹಿಡಿದ ಬಂಡೆ ಶುರುವಾಗುವುದೇ ನಡುಬಿಂದುವಿನಿಂದ 8 ಸೆಂಟಿಮೀಟರ್ ಆಚೆಗೆ. ಅದಕ್ಕೇ ಅಲ್ಲಿ ಲಾಗ್ ಬದುಕಿತು.

ದಡದ ಲೆಕ್ಕವೂ ಹಗ್ಗದ್ದೇ. ವೇದಾವತಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ಸುಮಾರು 30 ಟಿಎಂಸಿ ನೀರು ನಿಲ್ಲುತ್ತದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟೆಯ ಕಡೆ ಬೆಟ್ಟಗಳ ನಡುವೆ ನೀರು ಆಳ. ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ನೆಲ ಮೆಲ್ಲಗೆ ಇಳಿಯುತ್ತದೆ. ದಡದಿಂದ ದೂರ ಹೋದಂತೆ ಆಳ ಒಂದೇ ಇಳಿಜಾರಿನಲ್ಲಿ ಹೆಚ್ಚುತ್ತದೆಂದು ಭಾವಿಸಿದರೆ, ಅಲ್ಲಿನ ನೀಳ ಅಲೆಗಳ ಎತ್ತರಕ್ಕೆ ಬರುವ ಸಮೀಕರಣ ಜೋತ ಹಗ್ಗದ ಸಮೀಕರಣವೇ. ಎಳೆತದ ಜಾಗದಲ್ಲಿ ಆಳ. ಬಿಟ್ಟ ತುದಿಯ ಜಾಗದಲ್ಲಿ ದಡದ ಗೆರೆ. ಹಗ್ಗದ ತುದಿ ಎಲ್ಲಕ್ಕಿಂತ ಹೆಚ್ಚು ಬೀಸುವಂತೆಯೇ ಅಲೆ ದಡದಲ್ಲಿ ಎಲ್ಲಕ್ಕಿಂತ ಎತ್ತರ. ದಡ ನೀರಿನದೇ ಭಾಗವಾದ್ದರಿಂದ ಲಾಗ್ ಇಲ್ಲಿ ಸಲ್ಲದು.

ಚರ್ಮವಾದ್ಯಗಳಲ್ಲಿ ಈ ಒಳಗೆ–ಹೊರಗೆ ಪ್ರಶ್ನೆ ಇನ್ನೂ ಸೊಗಸು. ಸಾಧಾರಣ ದುಂಡು ಚರ್ಮದ ಕಂಪನ ಬೆಸೆಲ್ ಸಮೀಕರಣಕ್ಕೆ ಒಳಪಡುತ್ತದೆ. ನಡುಬಿಂದು ಚರ್ಮದ ಮೇಲೆಯೇ ಇರುವುದರಿಂದ ಲಾಗ್ ಬೀಳುತ್ತದೆ. ಉಳಿದ ಸ್ವರಗಳ ಅನುಪಾತ 1, 1.59, 2.14, 2.30 ಎಂದು ಬೇಸುರವಾಗಿ ಚದರಿಕೊಳ್ಳುತ್ತದೆ. ಮೃದಂಗದ ನಡುವೆ ಕರಣೆ ಎಂಬ ಭಾರದ ಲೇಪ ಹಾಕಿದಾಗ ಇದೇ ಸ್ವರಗಳು ಶ್ರುತಿಗೆ ಬಂದು ಕೂರುತ್ತವೆಂಬುದನ್ನು ಸಿ.ವಿ. ರಾಮನ್ ಪ್ರಯೋಗಗಳಿಂದ ತೋರಿಸಿ 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾಗಿ ಪ್ರಕಟಿಸಿದರು. 1954ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಇದರ ಗಣಿತ ಬಿಡಿಸಿದರು: ಒಳಗಿನ ಭಾರದ ವೃತ್ತ ಒಂದು, ಹೊರಗಿನ ಹಗುರ ಉಂಗುರ ಒಂದು. ಉಂಗುರದಲ್ಲಿ ನಡುಬಿಂದು ಇಲ್ಲ. ಹಾಗಾಗಿ ಅಲ್ಲಿ ಲಾಗ್ ಉಳ್ಳ ಎರಡನೆಯ ಪರಿಹಾರವೂ ಬೇಕು. ಕೊಡ ಕಟ್ಟಿದ ಹಗ್ಗಕ್ಕೆ ಆದದ್ದೇ ಇಲ್ಲಿಯೂ.

ರಾಮನ್ ಮತ್ತು ನಾಗೇಂದ್ರನಾಥ್ 1935ರಿಂದ ಬೆಂಗಳೂರಿನಲ್ಲಿ ಬೆಳೆಸಿದ, ಶಬ್ದತರಂಗ ಹಾಯುವ ದ್ರವದಲ್ಲಿ ಬೆಳಕು ಚದರುವ ಸಿದ್ಧಾಂತದಲ್ಲಿಯೂ ಬೆಸೆಲ್ ಫಲನಗಳೇ ಉತ್ತರ. ಸೊನ್ನೆಯ ಬಳಿ ನಾಲ್ಕನೆಯ ಕ್ರಮದ ಫಲನದ ಘಾತಾಂಕ 4. ಆದ್ದರಿಂದ ಶಬ್ದ ಮಂದವಾಗಿದ್ದಾಗ ನಾಲ್ಕನೆಯ ಕಿರಣದ ಪ್ರಭೆ ಶಬ್ದತರಂಗದ ಎತ್ತರದ ಎಂಟನೆಯ ಘಾತದಂತೆ ಏರುತ್ತದೆ. ಮೊದಲು ಒಂದೆರಡು ಕಿರಣ ಕಂಡು, ಉಳಿದವು ತಡವಾಗಿ ಮೂಡುವುದಕ್ಕೆ ಸೂಚಕ ಸಮೀಕರಣವೇ ಕಾರಣ.

ಥೈಸ್ ಫಲನ ಮತ್ತು ಅಕ್ರಮ ಬಿಂದು

ನಿಜದಲ್ಲಿ ಬೋರಿನ ಮಟ್ಟ ಸ್ಥಿರವಾಗಿ ನಿಲ್ಲುವುದು ಅಪರೂಪ. ಪಂಪು ಓಡಿದಷ್ಟೂ ಇಳಿಯುತ್ತದೆ. ಅಮೆರಿಕದ ಸಿ.ವಿ. ಥೈಸ್ 1935ರಲ್ಲಿ ಇದನ್ನು ಬಿಡಿಸಿದ. ದೂರದ ವರ್ಗವನ್ನು ಕಾಲದಿಂದ ಭಾಗಿಸಿ, ಜಲಪದರದ ಗುಣಗಳನ್ನು ಸೇರಿಸಿದ ಒಂದೇ ಚರ ಉ, ಮಟ್ಟದ ಇಳಿತ ವ ಎಂಬ ಫಲನಕ್ಕೆ ಅನುಗುಣ, ಮತ್ತು

ಉ ವ″ + (1 + ಉ) ವ′ = 0

ಸೊನ್ನೆಯಲ್ಲಿ ಕ್ರಮಬದ್ಧ ಬಿಂದು, ಸೂಚಕ ಮೂಲಗಳು ಮತ್ತೆ 0 ಮತ್ತು 0. ಫ್ರೊಬೆನಿಯಸ್ ದಾರಿಯಲ್ಲಿ ಸಿಗುವ ಶ್ರೇಣಿ:

ವ = −0.5772 − ಲಾಗ್ ಉ + ಉ − ಉ²/4 + ಉ³/18 − …

ಉ = 0.01 ಆದರೆ ವ = 4.038. ಮೊದಲ ಎರಡು ಪದಗಳೇ 4.028 ಕೊಡುತ್ತವೆ. ಪಂಪಿಂಗ್ ಟೆಸ್ಟಿನಲ್ಲಿ ಕಾಲವನ್ನು ಲಾಗ್ ಅಳತೆಯಲ್ಲಿಯೂ ಇಳಿತವನ್ನು ಸಾಧಾರಣ ಅಳತೆಯಲ್ಲಿಯೂ ಗುರುತಿಸಿದರೆ ಸ್ವಲ್ಪ ಹೊತ್ತಿನ ಮೇಲೆ ಚುಕ್ಕೆಗಳು ನೇರ ಗೆರೆಗೆ ಬೀಳುವುದು ಇದರಿಂದಲೇ. ಆ ಗೆರೆಯ ಓಟದಿಂದ ಪದರದ ನೀರು ಹಾಯಿಸುವ ಶಕ್ತಿಯನ್ನು ಓದುವ ವಿಧಾನವನ್ನು ಕೂಪರ್ ಮತ್ತು ಜೇಕಬ್ 1946ರಲ್ಲಿ ಕೊಟ್ಟರು. ಭೂವಿಜ್ಞಾನಿ ಸ್ಕೇಲಿಟ್ಟು ಎಳೆಯುವ ಗೆರೆ ಗಣಿತಜ್ಞನ ಕಣ್ಣಿಗೆ ಸೂಚಕ ಸಮೀಕರಣದ ಜೋಡಿ ಮೂಲ.

ಇನ್ನೊಂದು ತುದಿ, ಉ ಅನಂತದ ಕಡೆ: ಬಾವಿಯಿಂದ ಬಹುದೂರ ಅಥವಾ ಪಂಪು ಆಗತಾನೇ ಶುರುವಾದ ಕ್ಷಣ. ಅಲ್ಲಿರುವುದು ಅಕ್ರಮ ವಿಚಿತ್ರ ಬಿಂದು. ಸೊನ್ನೆಯ ಸುತ್ತ ಕಟ್ಟಿದ ಶ್ರೇಣಿ ಅಲ್ಲಿಯೂ ಅಭಿಸರಿಸುತ್ತದೆ, ಆದರೆ ಕೆಲಸಕ್ಕೆ ಬಾರದು. ಉ = 5 ಎನ್ನಿ: 5, 6.25, 6.94, 6.51 ಎಂದು ದೊಡ್ಡ ದೊಡ್ಡ ಪದಗಳು ಪರಸ್ಪರ ಕಡಿದುಕೊಂಡು ಕೊನೆಗೆ ಉಳಿಯುವ ಉತ್ತರ 0.00115. ಅನಂತದ ಕಡೆಯಿಂದ ಬರೆದ ಶ್ರೇಣಿ ಬೇರೆ ಬಗೆಯದು: 0.001348 ಗುಣಿಸು (1 − 0.2 + 0.08 − 0.048 + 0.0384 − …). ಪದಗಳು ಐದನೆಯವರೆಗೆ ಕಿರಿದಾಗಿ, ಆಮೇಲೆ ಬೆಳೆಯತೊಡಗಿ, ಕೊನೆಗೆ ಎಲ್ಲೆ ಮೀರುತ್ತವೆ. ಇದು ಅಭಿಸರಿಸದ ಶ್ರೇಣಿ. ಆದರೂ ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಒಳ್ಳೆಯ ಉತ್ತರ: ಆವರಣದೊಳಗಿನ ಮೊತ್ತ ನಾಲ್ಕು ಪದಕ್ಕೆ 0.832, ಐದಕ್ಕೆ 0.870, ನಿಜ ಬೆಲೆ ಇವೆರಡರ ನಡುವೆ, 0.852. ಎಲ್ಲಿ ಕೈ ಬಿಡಬೇಕೆಂಬ ಹದ ತಿಳಿದವನಿಗೆ ಇಂಥ ಶ್ರೇಣಿ ನಂಬಿಗಸ್ತ ಆಳು. ಹೆನ್ರಿ ಪ್ವಾಂಕರೆ 1886ರಲ್ಲಿ ಇವಕ್ಕೆ ಶಾಸ್ತ್ರದ ತಳಹದಿ ಹಾಕಿದ.

ಮೇಲಿನ ಪದರದಿಂದ ನೀರು ಜಿನುಗುವಾಗ ಮಟ್ಟದ ಇಳಿತ ಪರಿವರ್ತಿತ ಬೆಸೆಲ್ ಸಮೀಕರಣವನ್ನು ಅನುಸರಿಸುತ್ತದೆ. ಬಾವಿಯ ಬಳಿ ಲಾಗ್, ದೂರದಲ್ಲಿ ಘಾತೀಯ ಕುಗ್ಗುವಿಕೆ. ದೂರದಲ್ಲಿ ಸಿಡಿಯುವ ಪರಿಹಾರವನ್ನು ಅಕ್ರಮ ಬಿಂದುವೇ ಜರಡಿ ಹಿಡಿದು ತೆಗೆಯುತ್ತದೆ.

ವಿಶ್ವೇಶ್ವರ ಮತ್ತು ಕಪ್ಪು ಕುಳಿ

ಕನ್ನಡಿಗರ ಕೈಯಲ್ಲಿ ಈ ಗಣಿತ ತಲುಪಿದ ಅತಿ ದೂರದ ಊರು ಕಪ್ಪು ಕುಳಿ. ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕ ಸಿ.ವಿ. ವಿಶ್ವೇಶ್ವರ (1938–2017) ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದಾಗ ಕೈಗೆತ್ತಿಕೊಂಡ ಪ್ರಶ್ನೆ: ಕಪ್ಪು ಕುಳಿಯನ್ನು ತುಸು ಅಲುಗಿಸಿದರೆ ಅದು ಕುಸಿಯುತ್ತದೆಯೇ, ಮತ್ತೆ ಶಾಂತವಾಗುತ್ತದೆಯೇ? ರೆಜ್ಜೆ ಮತ್ತು ವೀಲರ್ 1957ರಲ್ಲಿ ಈ ಅಲುಗಾಟವನ್ನು ಎರಡನೆಯ ದರ್ಜೆಯ ರೇಖೀಯ ಸಮೀಕರಣಕ್ಕೆ ಇಳಿಸಿದ್ದರು. ಕಪ್ಪು ಕುಳಿಯ ಕೇಂದ್ರವೂ, ಒಳಬಿದ್ದದ್ದು ಮರಳಲಾಗದ ಗಡಿಯಾದ ಕ್ಷಿತಿಜವೂ ಅದರ ಕ್ರಮಬದ್ಧ ವಿಚಿತ್ರ ಬಿಂದುಗಳು, ಅನಂತ ಅಕ್ರಮ ಬಿಂದು. ಕ್ಷಿತಿಜದಲ್ಲಿ ಘಾತಾಂಕಗಳು ಶುದ್ಧ ಕಾಲ್ಪನಿಕ, ಒಂದು ಧನ, ಒಂದು ಋಣ: ಒಂದು ಒಳಗೆ ಬೀಳುವ ಅಲೆ, ಇನ್ನೊಂದು ಹೊರಗೆ ಬರುವ ಅಲೆ. ಕಪ್ಪು ಕುಳಿಯಿಂದ ಏನೂ ಹೊರಬರಲಾರದಾದ್ದರಿಂದ ಎರಡನೆಯದನ್ನು ಬಿಡಬೇಕು. ಕಾಲದೊಂದಿಗೆ ಬೆಳೆಯುತ್ತಲೇ ಹೋಗುವ ಅಲುಗಾಟವಿದ್ದರೆ, ಅದು ಅನಂತದಲ್ಲಿ ಅಂಕೆಯಲ್ಲಿದ್ದರೆ ಕ್ಷಿತಿಜದಲ್ಲಿ ಸಿಡಿಯುತ್ತದೆ. ಎರಡೂ ಕಡೆ ಸಭ್ಯವಾಗಿರುವಂಥದು ಇಲ್ಲವೇ ಇಲ್ಲ. ಕಪ್ಪು ಕುಳಿ ಸ್ಥಿರ ಎಂಬ ಅವರ ಲೇಖನ 1970ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ, ಅಲೆಯೊಂದು ಬಡಿದ ಮೇಲೆ ಕಪ್ಪು ಕುಳಿ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ನಂದುತ್ತದೆಂದು ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳು ಮೊದಲ ಬಾರಿ ಹಿಡಿದ ಗುರುತ್ವ ಅಲೆಯ ಕೊನೆಯಲ್ಲಿ ಕಂಡದ್ದು ಆ ನಂದುವ ಮಿಡಿತ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಇದ್ದರು.

ಬಿರುಕು ಬಂಡೆಯ ಘಾತಾಂಕ

ಚಿತ್ರದುರ್ಗದ ಸುತ್ತಲಿನ ಪದವಿ ಕಾಲೇಜುಗಳಲ್ಲಿ, ಮೊದಲು ಕುವೆಂಪು, ಈಗ ದಾವಣಗೆರೆ ವಿಶ್ವವಿದ್ಯಾಲಯದ ಅಡಿಯಲ್ಲಿ, ಅವಕಲ ಸಮೀಕರಣ ಬಿ.ಎಸ್ಸಿ. ಗಣಿತದ ಪಾಠ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಸೆಲ್, ಲೆಜೆಂಡರ್ ಸಮೀಕರಣಗಳ ಶ್ರೇಣಿಯನ್ನು ಪರೀಕ್ಷೆಗೆ ಉರುಹೊಡೆಯುವುದೂ ಹಳೆಯ ಸಂಗತಿ. ಆ ತರಗತಿಗಳ ಕಿಟಕಿಯಾಚೆ ಇರುವ ಬಂಡೆ ಮಾತ್ರ ಪಠ್ಯದ ಸಮನಾದ ಪದರದಂತಿಲ್ಲ. ನೀರು ಎಲ್ಲ ದಿಕ್ಕಿನಿಂದಲೂ ಬರುವುದಿಲ್ಲ. ಬಿರುಕು ಇದ್ದಲ್ಲಿಂದ ಬರುತ್ತದೆ.

ಇಂಥ ಬಂಡೆಗಾಗಿ ಬ್ರಿಟನ್ನಿನ ಬಾರ್ಕರ್ 1988ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ. ಬಾವಿಯ ಸಮೀಕರಣದಲ್ಲಿ ಮ′ ಮುಂದೆ 1 ಇದ್ದಲ್ಲಿ (ನ − 1) ಎಂದು ಬರೆದ:

ತ ಮ″ + (ನ − 1) ಮ′ = 0

ನ ಎಂಬುದು ಹರಿವಿನ ಆಯಾಮ. ನೀರು ಒಂದೇ ಉದ್ದ ಬಿರುಕಿನ ಕಡೆಗೆ ನೇರವಾಗಿ ಸಾಗಿದರೆ ನ = 1; ಮಟ್ಟಸ ಪದರದಲ್ಲಿ ಸುತ್ತಲಿನಿಂದ ಬಂದರೆ 2; ಮೇಲೆ ಕೆಳಗೆಲ್ಲ ಕಡೆಯಿಂದ ಬಂದರೆ 3. ನ ಪೂರ್ಣಾಂಕವೇ ಆಗಿರಬೇಕೆಂದಿಲ್ಲ. ಅರೆಬರೆ ಬಿರುಕುಗಳ ಜಾಲದಲ್ಲಿ 1.5 ಆಗಬಹುದು. ಸೂಚಕ ಮೂಲಗಳು 0 ಮತ್ತು 2 − ನ. ಎರಡೂ ಕೂಡಿಕೊಳ್ಳುವುದು ನ = 2ರಲ್ಲಿ ಮಾತ್ರ, ಹಾಗಾಗಿ ಲಾಗ್ ಕೂಡ ಅಲ್ಲಿ ಮಾತ್ರ. ನ = 1 ಆದರೆ ವಿಚಿತ್ರ ಬಿಂದುವೇ ಮಾಯ.

ನ ಎರಡಕ್ಕಿಂತ ಕಡಿಮೆಯಿದ್ದರೆ ಬಹಳ ಹೊತ್ತು ಪಂಪು ಮಾಡಿದಾಗ ಮಟ್ಟದ ಇಳಿತ ಕಾಲದ (1 − ನ/2)-ನೆಯ ಘಾತದಂತೆ ಬೆಳೆಯುತ್ತದೆ. ಪಂಪಿಂಗ್ ಟೆಸ್ಟಿನ ಚುಕ್ಕೆಗಳು ನೇರ ಗೆರೆಗೆ ಬೀಳದೆ ಕೆಳಕ್ಕೆ ಬಾಗುತ್ತಲೇ ಹೋದರೆ ಅನುಮಾನಿಸಬೇಕಾದದ್ದು ಇದನ್ನೇ. ನ = 1.5 ಇರುವ ಬೋರಿನಲ್ಲಿ ಮೊದಲ ಗಂಟೆಯ ಕೊನೆಗೆ ಮಟ್ಟ 5 ಮೀಟರ್ ಇಳಿದಿದ್ದರೆ ಹದಿನಾರನೆಯ ಗಂಟೆಗೆ 10 ಮೀಟರ್ ಇಳಿದಿರುತ್ತದೆ, ಇನ್ನೂರ ಐವತ್ತಾರನೆಯ ಗಂಟೆಗೆ 20 ಮೀಟರ್. ಪಂಪನ್ನು ಎಷ್ಟು ಆಳಕ್ಕೆ ಇಳಿಸಬೇಕು, ಪೈಪು ಎಷ್ಟು ಬೇಕು ಎಂಬ ಲೆಕ್ಕ ಆ ಘಾತಾಂಕದಿಂದ ಶುರುವಾಗುತ್ತದೆ.